ಪ್ರಯೋಗದಲ್ಲಿರುವುದು ಒಂದು, ಮಾರಾಟಕ್ಕಿರುವುದು ಇನ್ನೊಂದು: ಸೆರೆಬ್ರಲ್ ಪಾಲ್ಸಿ ಮಕ್ಕಳ ಕಾಂಡಕೋಶ ಚಿಕಿತ್ಸೆಯ ವಿಮರ್ಶೆ

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಖಾಸಗಿ ಕ್ಲಿನಿಕ್‌ಗಳು ಹಣ ಪಡೆದು ನೀಡುತ್ತಿರುವ ಕಾಂಡಕೋಶ ಚಿಕಿತ್ಸೆಯನ್ನು, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳನ್ನು ದೇಹಕ್ಕೆ ಕೊಡುವ ಸ್ಟೆಮ್ ಸೆಲ್ ಥೆರಪಿಯನ್ನು, ಒಂದು ಸೇವೆಯೆಂದು ಪರಿಗಣಿಸಿ ಇಲ್ಲಿ ವಿಮರ್ಶಿಸುತ್ತಿದ್ದೇನೆ. ನನ್ನ ತಂಗಿಯ ಮಗನಿಗೆ ಈ ಚಿಕಿತ್ಸೆಯಾಗಿದೆ. ಮೊದಲ ಸಮಾಲೋಚನೆಯಿಂದ ಹಿಡಿದು ಆಮೇಲಿನ ತಪಾಸಣೆಗಳವರೆಗೆ ಸೋದರಮಾವನಾಗಿ ನಾನು ಜೊತೆಯಲ್ಲಿದ್ದೆ, ಮತ್ತು ಈ ವಿಷಯದಲ್ಲಿ ಪ್ರಕಟವಾಗಿರುವ ಮುಖ್ಯ ಅಧ್ಯಯನಗಳನ್ನು ಓದಿದ್ದೇನೆ. ಕ್ಲಿನಿಕ್‌ನ ಹೆಸರು ಬರೆಯುವುದಿಲ್ಲ, ಏಕೆಂದರೆ ನಾನು ಹೇಳಬೇಕಾಗಿರುವುದು ಯಾವುದೋ ಒಂದು ಕ್ಲಿನಿಕ್‌ನ ಬಗ್ಗೆ ಅಲ್ಲ. ಈ ಸೇವೆಯನ್ನು ಕಟ್ಟಿ, ಬಣ್ಣಿಸಿ, ಮಾರುತ್ತಿರುವ ಕ್ರಮದ ಬಗ್ಗೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಅನುಮತಿ ಪಡೆದ ವೈದ್ಯಕೀಯ ಪ್ರಯೋಗದ ಹೊರಗೆ, ಹಣ ತೆತ್ತು, ಈ ಚಿಕಿತ್ಸೆಯನ್ನು ಮಗುವಿಗೆ ಮಾಡಿಸುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಇದರ ಹಿಂದಿನ ಸಂಶೋಧನೆ ಸುಳ್ಳೆಂಬುದು ಇದಕ್ಕೆ ಕಾರಣವಲ್ಲ. ಸಂಶೋಧನೆ ಗಂಭೀರವಾಗಿಯೇ ನಡೆಯುತ್ತಿದೆ, ಅದರಿಂದ ಸಣ್ಣದೊಂದು ಭರವಸೆಯೂ ಹುಟ್ಟಿದೆ. ಆದರೆ ಆ ಭರವಸೆ ಯಾವ ಕೋಶಗಳಿಂದ, ಯಾವ ಮಕ್ಕಳಲ್ಲಿ ಹುಟ್ಟಿದೆಯೋ, ಬಹಳಷ್ಟು ಕ್ಲಿನಿಕ್‌ಗಳಲ್ಲಿ ಮಾರಾಟವಾಗುತ್ತಿರುವುದು ಅದಲ್ಲ.

ಸೆರೆಬ್ರಲ್ ಪಾಲ್ಸಿ ಎಂಬುದು ಒಂದೇ ರೋಗವಲ್ಲ. ಬೆಳೆಯುತ್ತಿರುವ ಮಿದುಳಿಗೆ ಗರ್ಭದಲ್ಲೋ, ಹೆರಿಗೆಯ ಹೊತ್ತಿನಲ್ಲೋ, ಹುಟ್ಟಿದ ಹೊಸತರಲ್ಲೋ ಆದ ಹಾನಿಯಿಂದ ಚಲನೆಯಲ್ಲಿಯೂ ದೇಹದ ಭಂಗಿಯಲ್ಲಿಯೂ ಉಳಿದುಬಿಡುವ ತೊಂದರೆಗಳಿಗೆಲ್ಲ ಸೇರಿಸಿ ಇಟ್ಟ ಹೆಸರು ಅದು. ಅವಧಿಗೆ ಮೊದಲೇ ಹುಟ್ಟಿದ ಮಗುವಿನಲ್ಲಿ ಮಿದುಳಿನ ಒಳಭಾಗದ ಬಿಳಿಯ ನರತಂತುಗಳು ಹಾನಿಗೊಂಡಿರಬಹುದು. ಹೆರಿಗೆಯಲ್ಲಿ ಉಸಿರುಕಟ್ಟಿದ ಮಗುವಿನಲ್ಲಿ ಆಮ್ಲಜನಕದ ಕೊರತೆಯಿಂದ ಹಾನಿಯಾಗಿರಬಹುದು. ನವಜಾತ ಶಿಶುವಿನ ತೀವ್ರ ಕಾಮಾಲೆ ಮಿದುಳಿನ ಆಳದ ಭಾಗಗಳಿಗೆ ಪೆಟ್ಟು ಕೊಟ್ಟು ಕೈಕಾಲುಗಳಲ್ಲಿ ಹಿಡಿತವಿಲ್ಲದ ಚಲನೆ ಉಳಿಯುವಂತೆ ಮಾಡಿರಬಹುದು. ಸೋಂಕು, ರಕ್ತನಾಳದ ತಡೆ, ವಂಶವಾಹಿಯ ದೋಷ, ಇವೂ ಕಾರಣಗಳೇ. ಮಿದುಳಿನ ಹಾನಿ ಅಲ್ಲಿಗೇ ನಿಲ್ಲುತ್ತದೆ. ಆದರೆ ಮಗು ಬೆಳೆದಂತೆ ಸ್ನಾಯು, ಮೂಳೆ, ಕೀಲುಗಳ ಮೇಲೆ ಅದರ ಪರಿಣಾಮ ಬದಲಾಗುತ್ತ ಹೋಗುತ್ತದೆ. ಇಷ್ಟು ಬೇರೆಬೇರೆ ಕಾರಣಗಳಿಂದ ಬರುವ ಸ್ಥಿತಿಗೆ ನಾವು ಹೋದ ಕ್ಲಿನಿಕ್‌ನಲ್ಲಿ ಎಲ್ಲರಿಗೂ ಒಂದೇ ಯೋಜನೆಯಿತ್ತು. ಎಂ.ಆರ್.ಐ. ವರದಿಯನ್ನು ತೆಗೆದುಕೊಂಡರು, ಕಡತದಲ್ಲಿ ಇಟ್ಟರು. ಅದರಲ್ಲಿ ಕಂಡ ಹಾನಿಗೂ ಕೊಡಲಿರುವ ಕೋಶಗಳಿಗೂ ಏನು ಸಂಬಂಧ ಎಂದು ಕೇಳಿದಾಗ ಬಂದ ಉತ್ತರ, ಕಾಂಡಕೋಶಗಳು ತಾವೇ ಹಾನಿಯಾದ ಜಾಗವನ್ನು ಹುಡುಕಿಕೊಂಡು ಹೋಗುತ್ತವೆ ಎಂಬುದು.

ಈ ಉತ್ತರವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕ್ಲಿನಿಕ್‌ನ ಕಿರುಹೊತ್ತಗೆಯಲ್ಲಿ ಸತ್ತುಹೋದ ನರಕೋಶಗಳ ಜಾಗದಲ್ಲಿ ಹೊಸ ನರಕೋಶಗಳು ಬೇರೂರುತ್ತಿರುವ ಚಿತ್ರವಿತ್ತು. ತಂದೆತಾಯಿಯ ಮನಸ್ಸನ್ನು ಹಿಡಿಯುವುದು ಈ ಚಿತ್ರವೇ. ಆದರೆ ಇಂಥ ಚಿಕಿತ್ಸೆಗಳಲ್ಲಿ ಬಳಸುವ ಅಸ್ಥಿಮಜ್ಜೆಯ ಕೋಶಗಳಾಗಲಿ, ಹೊಕ್ಕುಳಬಳ್ಳಿಯ ರಕ್ತದ ಕೋಶಗಳಾಗಲಿ, ಕೊಬ್ಬಿನಿಂದ ಬೇರ್ಪಡಿಸಿದ ಕೋಶಗಳಾಗಲಿ ಮಗುವಿನ ಮಿದುಳಿನಲ್ಲಿ ನೆಲೆನಿಂತು, ಕೆಲಸ ಮಾಡುವ ನರಕೋಶಗಳಾಗಿ, ಕಳೆದುಹೋದ ಜಾಲವನ್ನು ಮತ್ತೆ ಕಟ್ಟುತ್ತವೆ ಎಂಬುದಕ್ಕೆ ಆಧಾರವಿಲ್ಲ. ಅಸ್ಥಿಮಜ್ಜೆಯ ಮತ್ತು ಹೊಕ್ಕುಳಬಳ್ಳಿ ರಕ್ತದ ಕಾಂಡಕೋಶಗಳು ಮುಖ್ಯವಾಗಿ ರಕ್ತವನ್ನು ಉತ್ಪಾದಿಸುವ ಕೋಶಗಳು. ರಕ್ತನಾಳಕ್ಕೆ ಕೊಟ್ಟ ಕೋಶಗಳಲ್ಲಿ, ಮುಖ್ಯವಾಗಿ ಅಸ್ಥಿಮಜ್ಜೆ, ಕೊಬ್ಬು ಮೊದಲಾದ ಅಂಗಾಂಶಗಳಲ್ಲಿ ಸಿಗುವ, ಗಾತ್ರದಲ್ಲಿ ದೊಡ್ಡವಾದ ಮೆಸೆಂಕೈಮಲ್ ಎಂಬ ಕೋಶಗಳಲ್ಲಿ, ಬಹುಪಾಲು ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲೇ ಸಿಕ್ಕಿಕೊಂಡು ಕೆಲವೇ ದಿನಗಳಲ್ಲಿ ಇಲ್ಲವಾಗುತ್ತವೆ. ಹಾಗಿದ್ದೂ ಏನಾದರೂ ಪ್ರಯೋಜನವಿದ್ದರೆ ಅದು ಈ ಕೋಶಗಳು ಸ್ರವಿಸುವ ರಾಸಾಯನಿಕ ಸಂಕೇತಗಳಿಂದ ಬರುತ್ತದೆ ಎಂದು ಸಂಶೋಧಕರು ಊಹಿಸುತ್ತಾರೆ: ಉರಿಯೂತ ತಗ್ಗುವುದು, ಉಳಿದಿರುವ ನರಕೋಶಗಳಿಗೆ ಬೆಂಬಲ ಸಿಗುವುದು, ಅವುಗಳ ನಡುವಿನ ಸಂಪರ್ಕ ಬಲಗೊಳ್ಳುವುದು. ಇದು ಒಪ್ಪಬಹುದಾದ ಊಹೆ. ಆದರೆ ಇದು ಕಿರುಹೊತ್ತಗೆಯ ಚಿತ್ರದಲ್ಲಿರುವುದಕ್ಕಿಂತ ತೀರ ಬೇರೆಯಾದ ಮತ್ತು ತೀರ ಚಿಕ್ಕದಾದ ಮಾತು. ಮಗು ಹುಟ್ಟಿ ಹಲವು ವರ್ಷಗಳಾದ ಮೇಲೆ, ಹಾನಿಯ ಗಾಯ ಮಾಗಿಹೋದ ಮೇಲೆ, ಈ ಸಂಕೇತಗಳು ಎಷ್ಟು ಮಾಡಬಲ್ಲವು ಎಂಬುದೂ ನ್ಯಾಯವಾದ ಪ್ರಶ್ನೆಯೇ.

ಈಗ ಸೇವೆಯ ವಿಚಾರ. ಸಿಬ್ಬಂದಿ ಸೌಜನ್ಯದಿಂದ ನಡೆದುಕೊಂಡರು. ಕೋಣೆಗಳು ಸ್ವಚ್ಛವಾಗಿದ್ದವು, ಮಗುವನ್ನು ಪ್ರೀತಿಯಿಂದ ಮಾತನಾಡಿಸಿದರು, ಕಾಯಿಸಲಿಲ್ಲ. ಇವು ಸಣ್ಣ ಸಂಗತಿಗಳಲ್ಲ. ದೊಡ್ಡ ಆಸ್ಪತ್ರೆಗಳ ನೂಕುನುಗ್ಗಲಿನಲ್ಲಿ ಎರಡು ನಿಮಿಷದ ಭೇಟಿ ಮುಗಿಸಿ, ಇದಕ್ಕೆ ಏನೂ ಮಾಡಲಾಗುವುದಿಲ್ಲ ಎಂಬ ಮಾತನ್ನು ಕೇಳಿಬಂದ ತಾಯಿಗೆ, ಒಬ್ಬರು ಎದುರು ಕುಳಿತು ಒಂದು ಗಂಟೆ ಮಾತನಾಡಿದರೆ ಅದೇ ಒಂದು ಚಿಕಿತ್ಸೆ. ಇಂಥ ಕ್ಲಿನಿಕ್‌ಗಳತ್ತ ಕುಟುಂಬಗಳು ಹೋಗುವುದರ ಹೊಣೆಯಲ್ಲಿ ಒಂದು ಪಾಲು, ಅವರಿಗೆ ಸಮಯ ಕೊಡದ ವೈದ್ಯಕೀಯ ವ್ಯವಸ್ಥೆಯದ್ದೂ ಹೌದೆಂದು ನಾನು ನಂಬುತ್ತೇನೆ.

ಆದರೆ ಸೌಜನ್ಯದ ಒಳಗೆ ಏನಿತ್ತೆಂದು ನೋಡಿದರೆ ಕೊರತೆಗಳು ಕಾಣುತ್ತವೆ. ಮಗುವಿನ ಸಾಮರ್ಥ್ಯ ಚಿಕಿತ್ಸೆಗೆ ಮೊದಲು ಯಾವ ಮಟ್ಟದಲ್ಲಿದೆ ಎಂಬುದನ್ನು ಅಳೆದು ಬರೆದಿಡಲಿಲ್ಲ. ಸೆರೆಬ್ರಲ್ ಪಾಲ್ಸಿಯಲ್ಲಿ ಇದಕ್ಕೆ ಎಲ್ಲೆಡೆ ಒಪ್ಪಿತವಾದ ವಿಧಾನಗಳಿವೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಜಿ.ಎಂ.ಎಫ್.ಸಿ.ಎಸ್. ಎಂಬ ವರ್ಗೀಕರಣ ಮಕ್ಕಳ ಚಲನಸಾಮರ್ಥ್ಯವನ್ನು ಐದು ಹಂತಗಳಲ್ಲಿ ಗುರುತಿಸುತ್ತದೆ: ಆಸರೆಯಿಲ್ಲದೆ ನಡೆದು ಮೆಟ್ಟಿಲು ಹತ್ತಬಲ್ಲ ಮಗು ಒಂದನೆಯ ಹಂತದಲ್ಲಿದ್ದರೆ, ತಲೆ ನಿಲ್ಲಿಸಲೂ ಕಷ್ಟಪಡುವ, ಓಡಾಟಕ್ಕೆ ಪೂರ್ತಿಯಾಗಿ ಇತರರನ್ನು ಅವಲಂಬಿಸಿದ ಮಗು ಐದನೆಯ ಹಂತದಲ್ಲಿರುತ್ತದೆ. ಚಲನೆಯ ಪ್ರಗತಿಯನ್ನು ಅಂಕಗಳಲ್ಲಿ ಅಳೆಯಲು ಜಿ.ಎಂ.ಎಫ್.ಎಂ.-66 ಎಂಬ 66 ಚಟುವಟಿಕೆಗಳ ಪರೀಕ್ಷೆಯಿದೆ. ನಮಗೆ ಸಿಕ್ಕ ಕಡತದಲ್ಲಿ ಇವೆರಡೂ ಇರಲಿಲ್ಲ. ಇದ್ದದ್ದು ಮೊಬೈಲ್‌ನಲ್ಲಿ ತೆಗೆದ ಒಂದು ವಿಡಿಯೋ ಮತ್ತು ತಾಯಿಯ ಹೇಳಿಕೆಯಿಂದ ತುಂಬಿದ ಒಂದು ನಮೂನೆ. ಆರಂಭದ ಅಳತೆಯೇ ಇಲ್ಲದ ಮೇಲೆ ಆಮೇಲೆ ಆದದ್ದು ಎಷ್ಟು ಎಂದು ಯಾರು ಹೇಳಬಲ್ಲರು? ಮಗುವಿಗೆ ನೋವಿದೆಯೇ, ನಿದ್ದೆ ಸರಿಯಾಗಿ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ನಾಲ್ವರಲ್ಲಿ ಮೂವರಿಗೆ ನೋವಿರುತ್ತದೆ, ಐವರಲ್ಲಿ ಒಬ್ಬರಿಗೆ ನಿದ್ದೆಯ ತೊಂದರೆಯಿರುತ್ತದೆ ಎಂದು 2012ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ಲೆಕ್ಕಹಾಕಿದೆ. ಮಗುವಿನ ದಿನವನ್ನು ಹದಗೆಡಿಸುವ ಇಂಥ ಸಂಗತಿಗಳನ್ನು ಕೇಳದ ಸಮಾಲೋಚನೆಯನ್ನು ಪೂರ್ಣವೆಂದು ನಾನು ಒಪ್ಪಲಾರೆ.

ಚಿಕಿತ್ಸೆಯ ದಿನ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಅಸ್ಥಿಮಜ್ಜೆ ತೆಗೆದರು. ಅದನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿ ಅದೇ ದಿನ ಬೆನ್ನಿನ ಕೆಳಭಾಗದಲ್ಲಿ ಸೂಜಿ ಹಾಕಿ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವಕ್ಕೆ ಕೊಟ್ಟರು. ಎಷ್ಟು ಕೋಶಗಳನ್ನು ಕೊಟ್ಟರು, ಅವುಗಳಲ್ಲಿ ಎಷ್ಟು ಜೀವಂತವಾಗಿದ್ದವು, ನಿಜವಾದ ಕಾಂಡಕೋಶಗಳ ಪಾಲು ಎಷ್ಟು ಎಂಬುದರ ಬರಹದ ದಾಖಲೆಯನ್ನು ಕೇಳಿದ ಮೇಲೂ ಕೊಡಲಿಲ್ಲ. ಅಸ್ಥಿಮಜ್ಜೆಯಿಂದ ಬೇರ್ಪಡಿಸಿದ ಇಂಥ ಮಿಶ್ರಣದಲ್ಲಿ ಕಾಂಡಕೋಶಗಳ ಪಾಲು ಬಹಳ ಕಡಿಮೆ. ಹೆಚ್ಚಿನವು ಬೇರೆ ರಕ್ತಕೋಶಗಳೇ. ಮಗು ಮುಂದಿನ ಎರಡು ದಿನ ತಲೆನೋವೆಂದು ಅತ್ತಿತು, ವಾಂತಿ ಮಾಡಿತು. ಬೆನ್ನಿಗೆ ಸೂಜಿ ಹಾಕಿದ ಮೇಲೆ ಇದು ಆಗುವುದುಂಟು ಎಂದರು. ಅದು ನಿಜ, ಆದರೆ ಈ ಮಾತು ಮೊದಲೇ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದಲ್ಲಿ ಮಗುವಿನ ತಾಯಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕಿತ್ತು.

ನಂತರದ್ದು ಈ ಸೇವೆಯಲ್ಲಿ ಗಮನಿಸಲೇಬೇಕಾದ ಭಾಗ. ಚುಚ್ಚುಮದ್ದಿನ ಜೊತೆಯಲ್ಲೇ ಫಿಸಿಯೋಥೆರಪಿ, ದಿನನಿತ್ಯದ ಕೆಲಸಗಳನ್ನು ಕಲಿಸುವ ಅಕ್ಯುಪೇಷನಲ್ ಥೆರಪಿ, ಸ್ಪೀಚ್ ಥೆರಪಿ ಎಲ್ಲವನ್ನೂ ದಿನವಿಡೀ ಕೊಡುವ ವ್ಯವಸ್ಥೆಯಿತ್ತು, ಮನೆಗೆ ಹೋದ ಮೇಲೂ ದಿನಕ್ಕೆ ಇಷ್ಟು ಗಂಟೆ ಎಂದು ಕಟ್ಟುನಿಟ್ಟಾದ ವೇಳಾಪಟ್ಟಿಯಿತ್ತು. ಅಲ್ಲಿಯ ಥೆರಪಿಸ್ಟ್‌ಗಳು ಕೆಲಸ ಬಲ್ಲವರು. ಕುಳಿತಿರುವ ಭಂಗಿಯನ್ನು ತಿದ್ದಿದರು, ಊಟದ ಚಮಚದ ಹಿಡಿಕೆಯನ್ನು ದಪ್ಪ ಮಾಡಿಸಿದರು, ಹೊಸ ಸ್ಪ್ಲಿಂಟ್ ಬರೆದುಕೊಟ್ಟರು. ಕೆಲವು ತಿಂಗಳ ನಂತರ ಮಗು ಆಸರೆಯಿಲ್ಲದೆ ಹೆಚ್ಚು ಹೊತ್ತು ಕೂರತೊಡಗಿತು, ಬಲಗೈಯಿಂದ ಆಟಿಕೆಯನ್ನು ಹಿಡಿದು ಬಿಡುವುದನ್ನು ಕಲಿಯಿತು. ನಮಗೆಲ್ಲ ಆದ ಸಂತೋಷ ನಿಜವಾದದ್ದು. ಕ್ಲಿನಿಕ್ ಅದನ್ನು ಕೋಶಗಳ ಫಲವೆಂದು ಬರೆದುಕೊಂಡು, ಆ ವಿಡಿಯೋವನ್ನು ತನ್ನ ಪ್ರಚಾರಕ್ಕೆ ಬಳಸಲು ಅನುಮತಿ ಕೇಳಿತು, ಜೊತೆಗೆ ಎರಡನೆಯ ಡೋಸಿಗೆ ದಿನ ಗೊತ್ತುಮಾಡಲು ಮತ್ತೆ ಮತ್ತೆ ಕರೆ ಮಾಡತೊಡಗಿತು. ತಂಗಿ ಎರಡಕ್ಕೂ ಒಪ್ಪಲಿಲ್ಲ.

ಅವಳು ಒಪ್ಪದಿರುವುದಕ್ಕೆ ಆಧಾರವಾದದ್ದು ಒಂದು ಸರಳವಾದ ಸಂಗತಿ: ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳೂ ಬೆಳೆಯುತ್ತಾರೆ, ಕಲಿಯುತ್ತಾರೆ. ಮ್ಯಾಕ್‌ಮಾಸ್ಟರ್‌ನ ತಂಡವೇ ಒಂಟಾರಿಯೋ ಪ್ರಾಂತ್ಯದ 657 ಮಕ್ಕಳನ್ನು ಹಲವು ವರ್ಷ ಅಳೆದು 2002ರಲ್ಲಿ ಪ್ರಕಟಿಸಿದ ಬೆಳವಣಿಗೆಯ ರೇಖೆಗಳು ಇದನ್ನು ಸ್ಪಷ್ಟವಾಗಿ ತೋರಿಸುತ್ತವೆ. ಯಾವ ವಿಶೇಷ ಚುಚ್ಚುಮದ್ದೂ ಇಲ್ಲದೆ, ಎಲ್ಲ ಐದು ಹಂತಗಳ ಮಕ್ಕಳ ಅಂಕಗಳೂ ಮೊದಲ ವರ್ಷಗಳಲ್ಲಿ ಏರುತ್ತವೆ. ತನ್ನ ಚಲನಸಾಮರ್ಥ್ಯದ ಶೇಕಡಾ 90ರಷ್ಟನ್ನು ಮಗು ಸುಮಾರು ಐದು ವರ್ಷದೊಳಗೆ ಮುಟ್ಟುತ್ತದೆ. ಅತ್ಯಂತ ತೀವ್ರವಾದ ಐದನೆಯ ಹಂತದಲ್ಲಿರುವ ಮಕ್ಕಳು ಮೂರು ವರ್ಷಕ್ಕೂ ಮೊದಲೇ ಮುಟ್ಟುತ್ತಾರೆ. ಕ್ಲಿನಿಕ್‌ಗಳಿಗೆ ಮಕ್ಕಳು ಬರುವ ವಯಸ್ಸೂ ಹೆಚ್ಚಾಗಿ ಇದೇ. ರೇಖೆ ಏರುತ್ತಿರುವ ಹೊತ್ತಿನಲ್ಲಿ ಏನನ್ನು ಕೊಟ್ಟರೂ, ಕೊಟ್ಟದ್ದರ ನಂತರ ಮಗು ಮುಂದಕ್ಕೆ ಹೋಗಿರುತ್ತದೆ. ಇದರ ಜೊತೆಗೆ ದಿನವಿಡೀ ಥೆರಪಿಯನ್ನೂ ಸೇರಿಸಿದ ಮೇಲೆ, ಚಿಕಿತ್ಸೆಗೆ ಮೊದಲಿನ ಮತ್ತು ನಂತರದ ವಿಡಿಯೋಗಳು ಕೋಶಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೋನ್ ಕರ್ಟ್‌ಜ್‌ಬರ್ಗ್ ಅವರ ತಂಡ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕಾರಣಕ್ಕೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಒಂದರಿಂದ ಆರು ವರ್ಷದ 63 ಮಕ್ಕಳು ಅದರಲ್ಲಿದ್ದರು. ಹುಟ್ಟಿದಾಗ ಕಾದಿಟ್ಟಿದ್ದ ಅವರದೇ ಹೊಕ್ಕುಳಬಳ್ಳಿಯ ರಕ್ತವನ್ನು ಕೆಲವರಿಗೆ ಮೊದಲ ಸಲ ಕೊಟ್ಟರು, ಉಳಿದವರಿಗೆ ಕೋಶಗಳಿಲ್ಲದ, ನೋಡಲು ಅದರಂತೆಯೇ ಇರುವ ದ್ರಾವಣವನ್ನು ಕೊಟ್ಟರು, ಒಂದು ವರ್ಷದ ನಂತರ ಅದಲುಬದಲು ಮಾಡಿದರು. ಯಾರಿಗೆ ಯಾವಾಗ ಏನು ಸಿಕ್ಕಿತೆಂಬುದು ಕುಟುಂಬಕ್ಕೂ ಪರೀಕ್ಷಕರಿಗೂ ಗೊತ್ತಿರಲಿಲ್ಲ. ಒಂದು ವರ್ಷದ ಕೊನೆಯಲ್ಲಿ ಎರಡೂ ಗುಂಪಿನ ಮಕ್ಕಳು ಜಿ.ಎಂ.ಎಫ್.ಎಂ.-66ರಲ್ಲಿ ಸರಾಸರಿ ಸುಮಾರು 7 ಅಂಕ ಮುಂದೆ ಹೋಗಿದ್ದರು. ಎರಡರ ನಡುವೆ ಅರ್ಥಪೂರ್ಣ ವ್ಯತ್ಯಾಸವಿರಲಿಲ್ಲ. ಕೋಶಗಳಿಲ್ಲದ ದ್ರಾವಣ ಪಡೆದ ಮಗುವಿನ ತಾಯಿಯೂ ತನ್ನ ಮಗುವಿನಲ್ಲಿ ಸುಧಾರಣೆ ಕಂಡಿರುತ್ತಾಳೆ, ಮತ್ತು ಆಕೆ ಕಂಡದ್ದು ಸುಳ್ಳಲ್ಲ. ಯಾವ ಕುಟುಂಬದ ಅನುಭವದ ಮಾತನ್ನು ಓದುವಾಗಲೂ ನಾನು ಈಗ ಈ ತಾಯಿಯನ್ನು ನೆನೆಯುತ್ತೇನೆ.

ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಕಂಡಿತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ದೇಹತೂಕದ ಪ್ರತಿ ಕಿಲೋಗೆ 2 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಕೋಶಗಳನ್ನು ಪಡೆದ ಮಕ್ಕಳು, ಅವರ ವಯಸ್ಸು ಮತ್ತು ಹಂತಕ್ಕೆ ನಿರೀಕ್ಷಿಸಬಹುದಾದದ್ದಕ್ಕಿಂತ ಹೆಚ್ಚು ಮುಂದೆ ಹೋಗಿದ್ದರು. ಅದಕ್ಕೂ ಮೊದಲು, 2013ರಲ್ಲಿ, ದಕ್ಷಿಣ ಕೊರಿಯಾದ ಪ್ರಯೋಗವೊಂದು ದಾನಿಗಳ ಹೊಕ್ಕುಳಬಳ್ಳಿ ರಕ್ತವನ್ನು ಎರಿತ್ರೋಪೊಯೆಟಿನ್ ಎಂಬ ಔಷಧದ ಜೊತೆ ಕೊಟ್ಟು, ಫಿಸಿಯೋಥೆರಪಿಯಂಥ ಪುನಶ್ಚೇತನ ತರಬೇತಿಯನ್ನಷ್ಟೇ ಪಡೆದ ಮಕ್ಕಳಿಗಿಂತ ಉತ್ತಮ ಫಲ ಬಂದಿತೆಂದು ವರದಿ ಮಾಡಿತ್ತು. ಇಂಥ ಹನ್ನೊಂದು ಅಧ್ಯಯನಗಳ ಸುಮಾರು 500 ಮಕ್ಕಳ ಬಿಡಿಬಿಡಿ ಮಾಹಿತಿಯನ್ನು ಒಟ್ಟುಗೂಡಿಸಿದ ಆಸ್ಟ್ರೇಲಿಯಾ ನೇತೃತ್ವದ ವಿಶ್ಲೇಷಣೆ 2025ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಕ್ಕುಳಬಳ್ಳಿ ರಕ್ತ ಪಡೆದ ಮಕ್ಕಳು ಪಡೆಯದವರಿಗಿಂತ ಆರು ತಿಂಗಳಿಗೂ ಹನ್ನೆರಡು ತಿಂಗಳಿಗೂ ಸರಾಸರಿ ಸುಮಾರು 1.4 ಅಂಕ ಮುಂದಿದ್ದರು. ಐದು ವರ್ಷದೊಳಗಿನ, ತೀವ್ರತೆ ಕಡಿಮೆಯಿರುವ ಮಕ್ಕಳಲ್ಲಿ, ಕೋಶಗಳ ಪ್ರಮಾಣ ಹೆಚ್ಚಿದ್ದಾಗ, ಫಲ ಹೆಚ್ಚು.

ಹಾಗಾದರೆ ಚಿಕಿತ್ಸೆ ಕೆಲಸ ಮಾಡುತ್ತದೆ ಎಂದೇ ಆಯಿತಲ್ಲವೇ ಎಂದು ಯಾರಾದರೂ ಕೇಳಿದರೆ, ಕೇಳುವುದು ಸರಿ. ಜಿ.ಎಂ.ಎಫ್.ಎಂ.-66 ಎಂಬ ನೂರು ಅಂಕಗಳ ಮಾಪಕದಲ್ಲಿ ಸರಾಸರಿ 1.4 ಅಂಕವೆಂದರೆ ಕುಳಿತಿರುವ ಮಗು ಎದ್ದು ನಡೆಯುವಷ್ಟಲ್ಲ, ಹಂತ ಬದಲಾಗುವಷ್ಟಲ್ಲ. ಆದರೂ ಮಗುವಿನ ಬದುಕಿನಲ್ಲಿ ಸಣ್ಣ ಮುನ್ನಡೆಯೂ ಬೆಲೆಯುಳ್ಳದ್ದು ಎಂಬುದನ್ನು ನಾನು ಬಲ್ಲೆ, ಅದಕ್ಕೇ ಈ ಫಲಿತಾಂಶವನ್ನು ತಳ್ಳಿಹಾಕುವುದಿಲ್ಲ. ನನ್ನ ಆಕ್ಷೇಪ ಇರುವುದು ಅದನ್ನು ಬಳಸಿಕೊಳ್ಳುವ ರೀತಿಯ ಬಗ್ಗೆ. ಈ ಅಧ್ಯಯನಗಳಲ್ಲಿ ಬಳಸಿದ್ದು ಹೊಕ್ಕುಳಬಳ್ಳಿಯ ರಕ್ತ. ನಮ್ಮ ಮಗುವಿಗೆ ಕೊಟ್ಟದ್ದು ಅಸ್ಥಿಮಜ್ಜೆ. ಅಲ್ಲಿ ಅದನ್ನು ಹೆಚ್ಚಾಗಿ ರಕ್ತನಾಳಕ್ಕೆ ಕೊಟ್ಟರು. ಇಲ್ಲಿ ಬೆನ್ನುಹುರಿಯ ದ್ರವಕ್ಕೆ. ಅಲ್ಲಿ ಕೋಶಗಳ ಎಣಿಕೆ, ಜೀವಂತಿಕೆ, ಸೋಂಕಿನ ಪರೀಕ್ಷೆ, ದಾನಿಯದಾದರೆ ಅಂಗಾಂಶದ ಹೊಂದಾಣಿಕೆ ಹೆಚ್ಚಾಗಿ ದಾಖಲಾಗಿದ್ದವು. ಇಲ್ಲಿ ಕೇಳಿದರೂ ದೊರೆಯಲಿಲ್ಲ. ಹೊಕ್ಕುಳಬಳ್ಳಿಯ ಅಂಗಾಂಶದಿಂದ ಬೆಳೆಸಿದ ಕೋಶಗಳನ್ನು ಬೆನ್ನುಹುರಿಯ ದ್ರವಕ್ಕೆ ಕೊಟ್ಟ ಇರಾನಿನ ಪ್ರಯೋಗವೊಂದು ಒಳ್ಳೆಯ ಫಲವನ್ನು ವರದಿ ಮಾಡಿದೆ ನಿಜ, ಆದರೆ ಅದೂ ಮಗುವಿನ ಸ್ವಂತ ಅಸ್ಥಿಮಜ್ಜೆಯಲ್ಲ. ಅಸ್ಥಿಮಜ್ಜೆಯ ಬಗ್ಗೆ ಇರುವ ಅಧ್ಯಯನಗಳಲ್ಲಿ ಅನೇಕವು ಚಿಕ್ಕವು, ಅನೇಕದರಲ್ಲಿ ಹೋಲಿಕೆಯ ಗುಂಪೇ ಇಲ್ಲ. ಒಂದು ಮಾತ್ರೆಯ ಪರೀಕ್ಷೆಯ ವರದಿ ತೋರಿಸಿ ಬೇರೆ ಮಾತ್ರೆಯನ್ನು ಮಾರಿದರೆ ಯಾವ ಔಷಧಾಂಗಡಿಯನ್ನೂ ನಾವು ಒಪ್ಪುವುದಿಲ್ಲ. ಕೋಶಗಳ ವಿಷಯದಲ್ಲಿ ಎಲ್ಲವನ್ನೂ ಒಂದೇ ಹೆಸರಿನಡಿ ಸೇರಿಸಿರುವುದರಿಂದ ಈ ಅದಲುಬದಲು ಕಣ್ಣಿಗೆ ಬೀಳುವುದಿಲ್ಲ.

ಹೊಕ್ಕುಳಬಳ್ಳಿ ರಕ್ತವನ್ನೇ ಕೊಡುತ್ತೇವೆ ಎನ್ನುವ ಕಡೆಗಳಲ್ಲೂ ಕೇಳಬೇಕಾದದ್ದಿದೆ. ಮಗುವಿನ ಸ್ವಂತ ರಕ್ತವನ್ನು ಬಳಸಲು ಹೆರಿಗೆಯ ಹೊತ್ತಿನಲ್ಲಿ ಅದನ್ನು ಸಂಗ್ರಹಿಸಿರಬೇಕು, ಮತ್ತು ಸಂಗ್ರಹಿಸಿದ ಚೀಲದಲ್ಲಿರುವ ಕೋಶಗಳ ಸಂಖ್ಯೆ ಎಂದೂ ಹೆಚ್ಚುವುದಿಲ್ಲ. ಮಗುವಿನ ತೂಕ ಹೆಚ್ಚಿದಂತೆ ಪ್ರತಿ ಕಿಲೋಗೆ ಸಿಗುವ ಪ್ರಮಾಣ ಇಳಿಯುತ್ತ ಹೋಗುತ್ತದೆ. 15 ಕಿಲೋ ತೂಗುವ ಮಗುವಿಗೆ ಡ್ಯೂಕ್‌ನವರು ಗುರುತಿಸಿದ ಪ್ರಮಾಣವೆಂದರೆ 30 ಕೋಟಿ ಕೋಶಗಳು. ಅಷ್ಟಿವೆಯೇ ಎಂಬುದನ್ನು ಬರಹದಲ್ಲಿ ತೋರಿಸಬೇಕು. ಇದೇ ಸಂದರ್ಭದಲ್ಲಿ, ಮುಂದೆ ಹುಟ್ಟಲಿರುವ ಮಗುವಿಗಾಗಿ ಈ ರಕ್ತವನ್ನು ವಿಮೆಯಂತೆ ಖಾಸಗಿ ಬ್ಯಾಂಕಿನಲ್ಲಿ ಕಾದಿಡಬೇಕೆಂಬ ಪ್ರಚಾರವನ್ನೂ ನೋಡುತ್ತೇವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಅದನ್ನು ಶಿಫಾರಸು ಮಾಡುವುದಿಲ್ಲ, ಸಾರ್ವಜನಿಕ ಬ್ಯಾಂಕಿಗೆ ದಾನ ಮಾಡುವುದನ್ನು ಉತ್ತೇಜಿಸುತ್ತದೆ.

ಅಪಾಯದ ವಿಚಾರದಲ್ಲಿ ಕ್ಲಿನಿಕ್‌ಗಳು ಹೇಳುವ ಮಾತು, ಮಗುವಿನದೇ ಕೋಶಗಳಾದ್ದರಿಂದ ತೊಂದರೆಯಿಲ್ಲ ಎಂಬುದು. ಹೊಕ್ಕುಳಬಳ್ಳಿ ರಕ್ತದ ಪ್ರಯೋಗಗಳಲ್ಲಿ ಗಂಭೀರ ತೊಂದರೆಗಳು ಕಡಿಮೆಯಿದ್ದವು ಎಂಬುದು ನಿಜ. ಆದರೆ ಆ ಸುರಕ್ಷತೆ ನಿಗಾ ಇಟ್ಟ ಪ್ರಯೋಗಗಳದ್ದು. ಅರಿವಳಿಕೆಯ ಅಪಾಯ, ಬೆನ್ನಿಗೆ ಸೂಜಿ ಹಾಕುವುದರ ಅಪಾಯ, ಸೋಂಕು, ಜ್ವರ, ಇವು ಯಾರ ಕೋಶವೆಂದು ನೋಡಿ ಬರುವುದಿಲ್ಲ. ಬೆನ್ನುಹುರಿಯ ದ್ರವಕ್ಕೆ ಕೋಶಗಳನ್ನು ಕೊಟ್ಟ ಮೇಲೆ ಮೂರ್ಛೆಯ ಸೆಳೆತ ಬಂದ ವರದಿಗಳಿವೆ, ಮತ್ತು ಸೆರೆಬ್ರಲ್ ಪಾಲ್ಸಿ ಇರುವ ನಾಲ್ವರಲ್ಲಿ ಒಬ್ಬರಿಗೆ ಮೊದಲೇ ಮೂರ್ಛೆರೋಗವಿರುತ್ತದೆ. ಇತರರ ಕೋಶಗಳಾದರೆ ವಿಷಯ ಇನ್ನೂ ಗಂಭೀರ. ಬೇರೊಂದು ನರರೋಗವಿದ್ದ ಇಸ್ರೇಲಿನ ಬಾಲಕನೊಬ್ಬನಿಗೆ ಮಾಸ್ಕೋದಲ್ಲಿ ಭ್ರೂಣದ ನರ ಕಾಂಡಕೋಶಗಳನ್ನು ಕೊಟ್ಟಿದ್ದರು. ಕೆಲವು ವರ್ಷಗಳ ಮೇಲೆ ಅವನ ಮಿದುಳು ಮತ್ತು ಬೆನ್ನುಹುರಿಯಲ್ಲಿ ಬೆಳೆದ ಗೆಡ್ಡೆಗಳು ಆ ದಾನಿ ಕೋಶಗಳಿಂದಲೇ ಹುಟ್ಟಿದವೆಂದು 2009ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. 2018ರಲ್ಲಿ ಅಮೆರಿಕದಲ್ಲಿ, ಅನುಮತಿಯಿಲ್ಲದೆ ಮಾರಿದ ಹೊಕ್ಕುಳಬಳ್ಳಿ ರಕ್ತದ ಉತ್ಪನ್ನದಲ್ಲಿ ಬ್ಯಾಕ್ಟೀರಿಯಾ ಸೇರಿ ರೋಗಿಗಳು ಆಸ್ಪತ್ರೆ ಸೇರಿದ ಪ್ರಕರಣಗಳು ದಾಖಲಾದವು. ಇವೆಲ್ಲ ಅಪರೂಪವೇ ಇರಬಹುದು. ಆದರೆ ಖಾಸಗಿ ಕ್ಲಿನಿಕ್‌ಗಳಿಂದ ಹೋದ ಮಕ್ಕಳನ್ನು ಹತ್ತು ವರ್ಷ ಯಾರೂ ಹಿಂಬಾಲಿಸಿ ನೋಡದಿರುವಾಗ ಅಪರೂಪ ಎಂಬ ಮಾತಿಗೂ ಗಟ್ಟಿಯಾದ ನೆಲೆಯಿರುವುದಿಲ್ಲ.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಹೊಕ್ಕುಳಬಳ್ಳಿ ರಕ್ತದ ಉತ್ಪನ್ನಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್.ಡಿ.ಎ. 2011ರಿಂದ ಅನುಮತಿ ಕೊಟ್ಟಿರುವುದು ರಕ್ತ ಉತ್ಪಾದನೆಯ ವ್ಯವಸ್ಥೆಗೆ ಸಂಬಂಧಿಸಿದ ಕಾಯಿಲೆಗಳಿಗೆ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ರಕ್ತಸಂಬಂಧಿ ಕಾಯಿಲೆಗಳಲ್ಲಿನ ಅಂಗೀಕೃತ ಕಸಿಯನ್ನು ಬಿಟ್ಟರೆ ಕಾಂಡಕೋಶಗಳ ಉಳಿದ ಬಳಕೆಯನ್ನು ಪ್ರಯೋಗವೆಂದೇ ಪರಿಗಣಿಸುತ್ತದೆ. ಕಾಂಡಕೋಶ ಸಂಶೋಧಕರ ಅಂತರರಾಷ್ಟ್ರೀಯ ಸಂಘದ ನಿಲುವೂ ಇದೇ ದಿಕ್ಕಿನದು. ಆಸ್ಪತ್ರೆಗೆ ಪರವಾನಗಿಯಿದೆ ಎಂಬ ಮಾತಿಗೂ ಈ ಚಿಕಿತ್ಸೆಗೆ ಅನುಮತಿಯಿದೆ ಎಂಬ ಮಾತಿಗೂ ವ್ಯತ್ಯಾಸವಿದೆ; ಗೋಡೆಯ ಮೇಲಿನ ಪ್ರಮಾಣಪತ್ರಗಳು ಹೆಚ್ಚಾಗಿ ಮೊದಲನೆಯದರ ಬಗ್ಗೆ.

ಇಷ್ಟಾದರೂ ಹೋಗಿಯೇ ತೀರುತ್ತೇವೆ ಎನ್ನುವ ತಂದೆತಾಯಿಯನ್ನು ನಾನು ದೂಷಿಸಲಾರೆ. ಅವರಲ್ಲಿ ಕೇಳಿಕೊಳ್ಳುವುದಿಷ್ಟೇ: ಹಣ ಕಟ್ಟುವ ಮೊದಲು, ಇದು ನೋಂದಾಯಿತ ವೈದ್ಯಕೀಯ ಪ್ರಯೋಗವೇ, ಆಗಿದ್ದರೆ ನೋಂದಣಿ ಸಂಖ್ಯೆ ಏನು, ನೈತಿಕ ಸಮಿತಿಯ ಒಪ್ಪಿಗೆ ಪತ್ರ ಎಲ್ಲಿದೆ ಎಂದು ಕೇಳಿ. ಸಾಮಾನ್ಯವಾಗಿ, ಪರೀಕ್ಷೆಗೊಳಪಡುತ್ತಿರುವ ಚಿಕಿತ್ಸೆಗಾಗಿ ಭಾಗವಹಿಸುವವರಿಂದಲೇ ದೊಡ್ಡ ಮೊತ್ತ ಕೇಳುವ ಪ್ರಯೋಗದ ಬಗ್ಗೆ ಎಚ್ಚರ ಬೇಕು. ಯಾವ ಮೂಲದ ಕೋಶ, ಎಷ್ಟು, ಯಾವ ದಾರಿಯಿಂದ, ಮತ್ತು ನಮ್ಮ ಮಗುವಿನ ವಯಸ್ಸು, ಹಂತ, ವಿಧಕ್ಕೆ ಹೊಂದುವ ಹೋಲಿಕೆಯ ಅಧ್ಯಯನ ಯಾವುದು ಎಂಬುದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ. ಕ್ಲಿನಿಕ್‌ಗೆ ಸಂಬಂಧವಿಲ್ಲದ ಫಿಸಿಯೋಥೆರಪಿಸ್ಟ್ ಒಬ್ಬರಿಂದ ಮೊದಲೇ ಜಿ.ಎಂ.ಎಫ್.ಎಂ. ಮಾಡಿಸಿ ಇಟ್ಟುಕೊಳ್ಳಿ. ಕೋಶಗಳಿಲ್ಲದೆ ಥೆರಪಿಯ ಭಾಗವನ್ನಷ್ಟೇ ಕೊಡುತ್ತೀರಾ ಎಂದೂ ಕೇಳಿ ನೋಡಿ. ನಾವು ಕೇಳಿದಾಗ ಇಲ್ಲವೆಂದರು.

ಥೆರಪಿಯನ್ನಷ್ಟೇ ಕೇಳಿ ಎಂದು ನಾನು ಹೇಳುವುದು, ಆ ಭಾಗಕ್ಕೆ ಆಧಾರ ಗಟ್ಟಿಯಾಗಿರುವುದರಿಂದ. ಮಗುವೇ ಬಯಸುವ ಕೆಲಸವನ್ನು, ಅದು ಅಂಗಿಯ ಗುಂಡಿ ಹಾಕುವುದಿರಲಿ, ಲೋಟ ಹಿಡಿಯುವುದಿರಲಿ, ಗುರಿಯಾಗಿಟ್ಟು ಅದನ್ನೇ ಮತ್ತೆ ಮತ್ತೆ, ಮನೆಯಲ್ಲಿಯೂ ಅಭ್ಯಾಸ ಮಾಡಿಸುವ ತರಬೇತಿ ಫಲ ಕೊಡುತ್ತದೆ. ದೇಹದ ಒಂದು ಪಕ್ಕಕ್ಕೆ ಮಾತ್ರ ತೊಂದರೆಯಿರುವ ಮಗುವಿನಲ್ಲಿ ಚೆನ್ನಾಗಿರುವ ಕೈಯನ್ನು ಕೆಲವು ಹೊತ್ತು ಕಟ್ಟಿಟ್ಟು ದುರ್ಬಲ ಕೈಯಿಂದ ಕೆಲಸ ಮಾಡಿಸುವ ವಿಧಾನ, ಎರಡೂ ಕೈಗಳನ್ನು ಒಟ್ಟಿಗೆ ಬಳಸುವ ತರಬೇತಿ, ಇವೂ ಪರೀಕ್ಷೆಯಲ್ಲಿ ಗೆದ್ದಿವೆ. ಬಿಗಿತಕ್ಕೆ ಬೊಟುಲಿನಮ್ ಚುಚ್ಚುಮದ್ದು, ಆಯ್ದ ಮಕ್ಕಳಲ್ಲಿ ಬೆನ್ನುಹುರಿಯ ನರಬೇರುಗಳ ಶಸ್ತ್ರಚಿಕಿತ್ಸೆ ಇವೆ. ಮಾತು ಬಾರದ ಮಗುವಿಗೆ ಚಿತ್ರಫಲಕ ಅಥವಾ ಮಾತನಾಡುವ ಸಾಧನ ಕೊಟ್ಟರೆ ಬದುಕಿನಲ್ಲಿ ಆಗುವ ಬದಲಾವಣೆಯನ್ನು ಯಾವ ಅಂಕವೂ ಹಿಡಿಯಲಾರದು. ಇವೆಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವ ಒಂದು ಸಂಗತಿಯೆಂದರೆ ಸೊಂಟದ ಕೀಲು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗೆ ತೊಡೆಮೂಳೆಯ ತಲೆ ತನ್ನ ಗುಳಿಯಿಂದ ಜಾರುತ್ತದೆ. ಐದನೆಯ ಹಂತದ ಮಕ್ಕಳಲ್ಲಿ ಇದು ಶೇಕಡಾ 90ರಷ್ಟು. ನಿಯಮಿತವಾಗಿ ಎಕ್ಸ್‌-ರೇ ತೆಗೆಸಿ ನೋಡುತ್ತಿದ್ದರೆ ಇದನ್ನು ಬೇಗ ಹಿಡಿಯಬಹುದು, ನೋವಿನ ವರ್ಷಗಳನ್ನು ತಪ್ಪಿಸಬಹುದು. ಕ್ಲಿನಿಕ್‌ನ ದಪ್ಪನೆಯ ಕಡತದಲ್ಲಿ ನಮ್ಮ ಮಗುವಿನ ಸೊಂಟದ ಒಂದು ಎಕ್ಸ್‌-ರೇ ಕೂಡ ಇರಲಿಲ್ಲ. ಅದನ್ನು ಆಮೇಲೆ ಬೇರೆ ಕಡೆ ಮಕ್ಕಳ ಮೂಳೆತಜ್ಞರು ತೆಗೆಸಿದರು. ಒಂದು ಕಡೆಯ ಕೀಲು ಜಾರಲು ಆರಂಭವಾಗಿತ್ತು. ಈಗ ಅದಕ್ಕೆ ಚಿಕಿತ್ಸೆ ನಡೆಯುತ್ತಿದೆ.

ನನ್ನ ಈ ಅಭಿಪ್ರಾಯ ಬದಲಾಗಲು ಏನಾಗಬೇಕೆಂಬುದನ್ನೂ ಹೇಳುತ್ತೇನೆ. ಕೋಶಗಳ ಮೂಲವನ್ನೂ ಪ್ರಮಾಣವನ್ನೂ ಮೊದಲೇ ಗೊತ್ತುಮಾಡಿ, ಐದು ವರ್ಷದೊಳಗಿನ ಮಕ್ಕಳನ್ನು ಸಾಕಷ್ಟು ಸಂಖ್ಯೆಯಲ್ಲಿ ಸೇರಿಸಿ, ಕೋಶಗಳಿಲ್ಲದ ದ್ರಾವಣದ ಜೊತೆ ಹೋಲಿಸುವ ದೊಡ್ಡ ಪ್ರಯೋಗ ನಡೆದು, ಕುಟುಂಬಗಳಿಗೆ ಅರಿವಾಗುವಷ್ಟು ಫಲ ತೋರಿಸಿ, ಔಷಧ ನಿಯಂತ್ರಣ ಸಂಸ್ಥೆಯೊಂದು ಸೆರೆಬ್ರಲ್ ಪಾಲ್ಸಿಗೆಂದೇ ಆ ಉತ್ಪನ್ನಕ್ಕೆ ಅನುಮತಿ ಕೊಟ್ಟ ದಿನ, ಆ ಉತ್ಪನ್ನವನ್ನು ನಾನು ಶಿಫಾರಸು ಮಾಡುತ್ತೇನೆ. 2025ರ ವಿಶ್ಲೇಷಣೆ ಅಂಥ ಪ್ರಯೋಗದ ವಿನ್ಯಾಸ ಹೇಗಿರಬೇಕೆಂಬುದಕ್ಕೆ ಈಗಾಗಲೇ ದಾರಿ ತೋರಿಸಿದೆ. ಅಂಥ ಪ್ರಯೋಗಕ್ಕೆ ಶುಲ್ಕವಿಲ್ಲದೆ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದಾರೆಂದು ತಿಳಿದರೆ, ಮಗುವಿನ ನರತಜ್ಞರೊಡನೆ ಮಾತನಾಡಿ ಅರ್ಜಿ ಹಾಕಬಹುದು.